ತಜ್ಞರ ಉತ್ತರ: ಹುಲಿ ಸಂರಕ್ಷಿತ ಕಾಡಿನ ನಿರ್ವಹಣೆಯಲ್ಲಿ ಸೋಲಿಗರ ಪಾತ್ರ ಏನಾಗಬೇಕು?

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಊರಿನಲ್ಲಿ ನಾವು ಕೆಲವು ಶಿಕ್ಷಕರು ಸೇರಿ ಒಂದು ನಿಸರ್ಗ ಬಳಗ ನಡೆಸುತ್ತಿದ್ದೇವೆ. ಕಾಡಿನ ನಿರ್ವಹಣೆಯಲ್ಲಿ ಇಲ್ಲಿನ ಗಿರಿಜನರಾದ ಸೋಲಿಗರನ್ನು ತೊಡಗಿಸಿಕೊಳ್ಳಬೇಕೆಂದು ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಆದರೆ ವಾಚರ್ (ಕಾಡಿನ ಕಾವಲುಗಾರ) ಕೆಲಸ ಮತ್ತು ಬೆಂಕಿ ರೇಖೆಯ (ಕಾಡ್ಗಿಚ್ಚು ದಾಟದಂತೆ ಸವರಿದ ಪಟ್ಟಿ) ಕೂಲಿ ಬಿಟ್ಟರೆ ನಮ್ಮ ಕಣ್ಣಿಗೆ ಬೇರೇನೂ ಬೀಳುತ್ತಿಲ್ಲ. ತೊಡಗಿಸಿಕೊಳ್ಳುವುದು ಎಂದರೆ ನಿಜಕ್ಕೂ ಏನು? ಅದಕ್ಕೆ ಕಾನೂನಿನ ಆಧಾರವಿದೆಯೆ? ಜೇನು, ನೆಲ್ಲಿ ಸಂಗ್ರಹಕ್ಕೆ ಅವಕಾಶ ಕೊಟ್ಟರೆ ಕಾಡಿಗೆ ಪೆಟ್ಟು ಬೀಳುವುದಿಲ್ಲವೆ? ನಮ್ಮಂಥ ಹೊರಗಿನವರು ಏನು ಮಾಡಬಹುದು?

ಉತ್ತರ: ನೀವು ಗಮನಿಸಿರುವುದು ಸರಿಯಾಗಿದೆ. ವಾಚರ್ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೋಲಿಗರು ಮತ್ತು ಜೇನುಕುರುಬರು ಇಲ್ಲದೆ ನಮ್ಮ ದಕ್ಷಿಣದ ಕಾಡುಗಳಲ್ಲಿ ಕಳ್ಳಬೇಟೆ ತಡೆ ಶಿಬಿರಗಳನ್ನು ನಡೆಸುವುದೇ ಕಷ್ಟ ಎಂಬುದನ್ನು ಅಲ್ಲಿ ಒಂದು ರಾತ್ರಿ ಕಳೆದವರು ಯಾರಾದರೂ ಒಪ್ಪುತ್ತಾರೆ. ಆದರೆ ಕೂಲಿಗೆ ಬಂದವನು ಬೇರೆಯವರು ಮಾಡಿದ ತೀರ್ಮಾನವನ್ನು ಜಾರಿಗೆ ತರುತ್ತಾನೆ, ಅಷ್ಟೆ. ಈ ವರ್ಷ ಬೆಂಕಿ ರೇಖೆ ಯಾವ ಇಳಿಜಾರಿನಲ್ಲಿ ಹಾದುಹೋಗಬೇಕು, ಲಂಟಾನ ಎಂಬ ಕಳೆಪೊದೆಯನ್ನು ಯಾವ ಹಳ್ಳದ ಪಕ್ಕದಲ್ಲಿ ಮೊದಲು ಕಿತ್ತು ತೆಗೆಯಬೇಕು, ಯಾವ ಕೆರೆಯ ಹೂಳೆತ್ತಬೇಕು, ಯಾವ ಕಾಲುದಾರಿಯನ್ನು ಮುಚ್ಚಬೇಕು ಎಂಬ ಮಾತುಕತೆ ನಡೆಯುವಾಗ ಪೋಡಿನ (ಸೋಲಿಗರ ಊರಿನ) ಜನ ಆ ಕೋಣೆಯಲ್ಲಿದ್ದರೆ, ಅವರು ಬೇಡವೆಂದ ಕೆಲಸ ನಿಲ್ಲುವಂತಿದ್ದರೆ, ಅದನ್ನು ನಿರ್ವಹಣೆಯಲ್ಲಿ ಪಾಲು ಎನ್ನಬಹುದು. ಯಾವ ಯೋಜನೆಯನ್ನು ನೋಡುವಾಗಲೂ ನಾನು ಹಿಡಿಯುವ ಅಳತೆಗೋಲು ಇದೊಂದೇ.

ಬಿಳಿಗಿರಿರಂಗನ ಬೆಟ್ಟದ ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. 1974ರಲ್ಲಿ ಇದು ವನ್ಯಜೀವಿಧಾಮವಾಯಿತು. ಕಾಡಿನ ಒಳಗೆ ಚದುರಿಕೊಂಡು, ಜಾಗ ಬದಲಿಸುತ್ತ ರಾಗಿ, ಅವರೆ ಬೆಳೆಯುತ್ತಿದ್ದ ಸೋಲಿಗರನ್ನು ರಸ್ತೆ ಬದಿಯ ಪೋಡುಗಳಿಗೆ ಸರಿಸಲಾಯಿತು, ಬೇಟೆಯೂ ಬೇಸಾಯವೂ ನಿಂತವು. ಆಮೇಲೆ ಅವರಿಗೆ ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಡುವ ಕೆಲಸ. 1990ರ ದಶಕದ ಅಧ್ಯಯನಗಳ ಪ್ರಕಾರ ಮನೆಯ ನಗದು ಆದಾಯದ ಅರ್ಧದಷ್ಟು ಇದರಿಂದಲೇ ಬರುತ್ತಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಮುಂದಿಟ್ಟುಕೊಂಡು 2004ರ ಹೊತ್ತಿಗೆ ಮಾರಾಟಕ್ಕಾಗಿ ಮಾಡುವ ಸಂಗ್ರಹವನ್ನೂ ನಿಲ್ಲಿಸಲಾಯಿತು. ಬಹಳಷ್ಟು ಜನ ಕಾಫಿ ತೋಟಗಳ ಕೂಲಿಗೆ ಇಳಿದರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ ಬಂದಾಗ ಪೋಡುಗಳಲ್ಲಿ ಹುಟ್ಟಿದ ಆತಂಕಕ್ಕೆ ಈ ಅನುಭವಗಳ ಹಿನ್ನೆಲೆಯಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಮಂಜೂರಾಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ಅದೇ ಮೊದಲು. ನಿಮ್ಮ ಬಳಗದ ಮಕ್ಕಳಿಗೆ ಈ ಸಂಗತಿಯನ್ನು ಹೇಳಿಕೊಡಿ. ತಮ್ಮ ಜಿಲ್ಲೆಯಲ್ಲೇ ನಡೆದದ್ದು ಅನೇಕರಿಗೆ ಗೊತ್ತಿಲ್ಲ.

ಇನ್ನು ಕಾನೂನು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಿಲ್ಲ, ಆದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮ್ಮಲ್ಲಿ ಅನ್ವಯಿಸುವುದಿಲ್ಲ. ನಮಗಿರುವ ಮುಖ್ಯ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3ನೆಯ ಪ್ರಕರಣದಲ್ಲಿ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ ಮತ್ತು ಮಾರಾಟದ ಹಕ್ಕಿನ ಜೊತೆಗೆ, ಸಮುದಾಯವು ಪರಂಪರೆಯಿಂದ ಕಾಪಾಡಿಕೊಂಡು ಬಂದ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ಪುನಶ್ಚೇತನಗೊಳಿಸುವ ಮತ್ತು ನಿರ್ವಹಿಸುವ ಹಕ್ಕನ್ನೂ ಹೇಳಲಾಗಿದೆ. ಸಂಗ್ರಹದ ಹಕ್ಕಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಈ ನಿರ್ವಹಣೆಯ ಹಕ್ಕನ್ನು ಮರೆಯುತ್ತಾರೆ. ಇದೇ ಕಾಯ್ದೆಯ 5ನೆಯ ಪ್ರಕರಣವು ವನ್ಯಜೀವಿಗಳನ್ನೂ ಕಾಡನ್ನೂ ಜೀವವೈವಿಧ್ಯವನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ; ಆ ಕೆಲಸಕ್ಕಾಗಿ ಗ್ರಾಮಸಭೆ ತನ್ನದೇ ಸಮಿತಿಯನ್ನು ರಚಿಸಿ, ಆ ಸಮಿತಿಯ ಮೂಲಕ ಸಂರಕ್ಷಣೆ ಮತ್ತು ನಿರ್ವಹಣೆಯ ಯೋಜನೆ ಸಿದ್ಧಪಡಿಸಬೇಕೆಂದು ನಿಯಮಗಳು ಹೇಳುತ್ತವೆ. ಇಲ್ಲಿ ಗ್ರಾಮಸಭೆ ಎಂದರೆ ಹತ್ತಾರು ಊರುಗಳನ್ನು ಒಟ್ಟುಗೂಡಿಸಿದ ಪಂಚಾಯಿತಿಯ ಸಭೆಯಲ್ಲ, ಪೋಡು ಅಥವಾ ಹಾಡಿಯ ಮಟ್ಟದ ಸಭೆ. ಈ ವ್ಯತ್ಯಾಸ ಗೊತ್ತಿಲ್ಲದೆ, ಸೋಲಿಗರು ನಾಲ್ಕೇ ಜನರಿರುವ ದೊಡ್ಡ ಸಭೆಯಲ್ಲಿ ಅವರ ಕಾಡಿನ ವಿಚಾರ ತೀರ್ಮಾನವಾಗಿಬಿಡುವುದನ್ನು ನಾನೇ ಕಂಡಿದ್ದೇನೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದಕ್ಕೆ ಅಡ್ಡ ನಿಲ್ಲುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಅದು ಪೂರ್ತಿ ನಿಜವಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಕುರಿತ 38ವಿ ಪ್ರಕರಣವು ಪರಿಶಿಷ್ಟ ಪಂಗಡಗಳ ಹಕ್ಕಿಗೆ ಧಕ್ಕೆಯಾಗದಂತೆ ಹುಲಿಗಳ ಆವಾಸವನ್ನು ಗುರುತಿಸಬೇಕೆನ್ನುತ್ತದೆ. ಹಕ್ಕುಗಳ ಮಾನ್ಯತೆಯ ಪ್ರಕ್ರಿಯೆ ಮುಗಿಯದೆ, ಸಹಬಾಳ್ವೆಗೆ ಬೇರೆ ದಾರಿಯಿಲ್ಲವೆಂದು ತೀರ್ಮಾನವಾಗದೆ, ಗ್ರಾಮಸಭೆ ತಿಳಿದು ಒಪ್ಪದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದೂ ಹೇಳುತ್ತದೆ. ವನ್ಯಜೀವಿಧಾಮಗಳ ಮಟ್ಟಿಗೆ 2022ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವ ಕಡೆ ನಿರ್ವಹಣಾ ಯೋಜನೆಯನ್ನು ಸಂಬಂಧಿಸಿದ ಗ್ರಾಮಸಭೆಯೊಂದಿಗೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕೆಂದು ವಿಧಿಸಿದೆ. ಸಮಾಲೋಚನೆ ಎಂಬುದು ಒಪ್ಪಿಗೆಯಷ್ಟು ಬಲವಾದ ಪದವಲ್ಲ, ಆದರೂ ಕೇಳುವುದಕ್ಕೆ ಒಂದು ನೆಲೆ ಸಿಕ್ಕಿತು. ಅಂದಹಾಗೆ, 2017ರ ಮಾರ್ಚ್‌ನಲ್ಲಿ ಹುಲಿ ಸಂರಕ್ಷಣಾ ಪ್ರಾಧಿಕಾರವು ಹುಲಿಗಳ ಪ್ರಮುಖ ಆವಾಸಗಳಲ್ಲಿ ಅರಣ್ಯ ಹಕ್ಕು ಕೊಡಬಾರದೆಂದು ಆದೇಶಿಸಿ, ಮರುವರ್ಷ ಅದನ್ನು ಹಿಂತೆಗೆದುಕೊಂಡಿತು. ಆ ಹಳೆಯ ಆದೇಶವನ್ನೇ ಇಂದಿಗೂ ಉಲ್ಲೇಖಿಸುವವರು ಎದುರಾದರೆ ಹಿಂತೆಗೆದುಕೊಂಡ ಸಂಗತಿಯನ್ನು ಅವರಿಗೆ ವಿನಯದಿಂದ ತಿಳಿಸಿ.

ಸಂಗ್ರಹದಿಂದ ಕಾಡಿಗೆ ಪೆಟ್ಟು ಬೀಳುವುದಿಲ್ಲವೆ ಎಂಬ ನಿಮ್ಮ ಪ್ರಶ್ನೆಗೆ ನೆಲ್ಲಿ ಮರವನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ, ಏಕೆಂದರೆ ಬಿಳಿಗಿರಿಯಲ್ಲಿ ಅತಿ ದೀರ್ಘಕಾಲ ಅಧ್ಯಯನಕ್ಕೆ ಒಳಗಾದ ಮರ ಅದು. ಹಲವು ವರ್ಷಗಳ ಹಿಂದೆ ಒಂದು ಪೋಡಿನ ಯಜಮಾನರೊಡನೆ ನಡೆಯುತ್ತಿದ್ದಾಗ ಅವರು ಒಂದು ನೆಲ್ಲಿ ಮರದ ಕೆಳಗೆ ನಿಂತು, ಕೈಯಲ್ಲಿದ್ದ ಕತ್ತಿಯ ತುದಿಯಿಂದ ಮೇಲಕ್ಕೆ ತೋರಿಸಿದರು. ನೆಲ್ಲಿಯ ಸಣ್ಣ ಎಲೆಗಳ ನಡುವೆ ದಪ್ಪನೆಯ, ಬೂದು ಬಣ್ಣದ ಬೇರೆಯೇ ಎಲೆಯ ಗೊಂಚಲುಗಳಿದ್ದವು. ಕೊಂಬೆ ಆ ಗಂಟಿನ ತನಕ ದಪ್ಪಗಿದ್ದು, ಅಲ್ಲಿಂದಾಚೆಗೆ ಒಣಗಿ ಕಡ್ಡಿಯಾಗಿತ್ತು. ಅದು ಬಂದಳಿಕೆ, ಸೋಲಿಗರ ಮಾತಿನಲ್ಲಿ ಉಪ್ಪಿಲು. ಅದರ ಅಂಟು ಬೀಜವನ್ನು ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹರಡುತ್ತವೆ, ಅದು ಮರದ ರಸವನ್ನೇ ಹೀರಿ ಬೆಳೆಯುತ್ತದೆ. "ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಾಯ್ತು ಸ್ವಾಮಿ, ಅದರ ಹಿಂದೇನೆ ಲಂಟಾನ ಬಂತು" ಎಂದರು ಅವರು.

ತರಗು ಬೆಂಕಿ ಎಂದರೆ ಬೇಸಗೆಯ ಆರಂಭದಲ್ಲೇ, ಹುಲ್ಲು ಮತ್ತು ತರಗೆಲೆ ಇನ್ನೂ ತೆಳ್ಳಗಿರುವಾಗ ಹಾಕುತ್ತಿದ್ದ ಸಣ್ಣ ನೆಲಬೆಂಕಿ. ಅದು ಮೊಣಕಾಲೆತ್ತರಕ್ಕೆ ಏಳದೆ ಸರಿದುಹೋಗುತ್ತದೆ, ದೊಡ್ಡ ಮರಗಳ ತೊಗಟೆಗೆ ಏನೂ ಆಗುವುದಿಲ್ಲ. ಅದು ನಿಂತ ಮೇಲೆ ಲಂಟಾನ ಪೊದೆಗಳು ಆಳೆತ್ತರಕ್ಕೆ ಬೆಳೆದವು, ಹುಲ್ಲು ಸತ್ತಿತು, ನೆಲ್ಲಿಯ ಸಸಿಗಳು ಮೇಲೇಳದಾದವು. ಸೋಲಿಗರ ಈ ವಿವರಣೆಯನ್ನು ಮೊದಲಿಗೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಅಟ್ರೀಯ ಸಂಶೋಧಕರೂ ಇತರರೂ ವರ್ಷಾನುಗಟ್ಟಲೆ ಮರಗಳನ್ನು ಅಳೆದು ನೋಡಿದಾಗ, ನೆಲ್ಲಿಯ ಕುಸಿತಕ್ಕೆ ಕಾಯಿ ಕೀಳುವುದಕ್ಕಿಂತ ಬಂದಳಿಕೆ ಮತ್ತು ಲಂಟಾನಗಳೇ ದೊಡ್ಡ ಕಾರಣ ಎಂಬುದು ಕಂಡುಬಂತು. ಕಾಯಿ ಕೀಳುವವರು ಮರ ಹತ್ತಿ ಬಂದಳಿಕೆಯ ಕೊಂಬೆಯನ್ನೂ ಕಡಿದು ಬರುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು. ಸಂಗ್ರಹ ನಿಷೇಧವಾದ ಮೇಲೆ ಆ ಮರಗಳನ್ನು ಹತ್ತುವವರೂ ಇಲ್ಲವಾದರು.

ಇದರಿಂದ, ಸಂಗ್ರಹ ಎಂದೂ ಹಾನಿ ಮಾಡದು ಎಂಬ ತೀರ್ಮಾನಕ್ಕೆ ಬರಬೇಡಿ. ಗುತ್ತಿಗೆದಾರನ ಅವಸರಕ್ಕೆ ಒಳ್ಳೆಯ ಕೊಂಬೆಗಳನ್ನೇ ಕಡಿದು ಕಾಯಿ ಉದುರಿಸಿದ ಮರಗಳನ್ನೂ ನಾನು ಕಂಡಿದ್ದೇನೆ. ನಾಳೆ ಈ ಮರಕ್ಕೆ ತಾನೇ ಬರುತ್ತೇನೆಂಬ ಭರವಸೆ ಇದ್ದವನು ಒಂದಷ್ಟು ಕಾಯಿಯನ್ನು ಮರದಲ್ಲಿ ಬಿಡುತ್ತಾನೆ, ಹೆಜ್ಜೇನಿನ ತಟ್ಟಿಯಲ್ಲಿ ಮರಿಗಳಿರುವ ಭಾಗವನ್ನು ಉಳಿಸಿ ತುಪ್ಪದ ಭಾಗವನ್ನಷ್ಟೇ ಕೊಯ್ಯುತ್ತಾನೆ, ಗೆಣಸು ಅಗೆದ ಗುಂಡಿಗೆ ಬಳ್ಳಿಯ ತಲೆಯನ್ನು ಮತ್ತೆ ಊರಿ ಮಣ್ಣು ಮುಚ್ಚುತ್ತಾನೆ. ಮುಂದಿನ ವರ್ಷ ಯಾರ ಪಾಲಾಗುವುದೋ ಎಂಬ ಸ್ಥಿತಿಯಲ್ಲಿರುವವನು ಇವತ್ತೇ ಎಲ್ಲವನ್ನೂ ತೆಗೆಯುತ್ತಾನೆ, ಅವನು ಯಾವ ಸಮುದಾಯದವನೇ ಆಗಿರಲಿ. ಹಕ್ಕು ಖಚಿತವಾದರೆ ಸಂಯಮಕ್ಕೆ ಕಾರಣ ಸಿಗುತ್ತದೆ ಎಂದು ನಾನು ನಂಬುವುದು ಇಂಥ ಸಣ್ಣ ಸಂಗತಿಗಳನ್ನು ನೋಡಿಯೇ.

ಬೆಂಕಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವನ್ಯಜೀವಿಧಾಮದಲ್ಲಿ ಬೆಂಕಿ ಹಾಕುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆಳೆತ್ತರದ ಲಂಟಾನ ತುಂಬಿರುವ ಇಂದಿನ ಕಾಡಿನಲ್ಲಿ ಮಾರ್ಚ್ ತಿಂಗಳ ಕಿಡಿ ಮರದ ತುದಿಯವರೆಗೂ ಏರುತ್ತದೆ; ಅಜ್ಜಂದಿರ ಕಾಲದ ತರಗು ಬೆಂಕಿ ಈಗ ಹಾಗೆಯೇ ಮರಳಲಾರದು. ಮೊದಲು ಲಂಟಾನ ತೆಗೆದು, ಹುಲ್ಲು ಮರಳಿದ ಮೇಲೆ, ಇಲಾಖೆಯ ಅಧಿಕಾರಿಗಳ ಸಮ್ಮುಖದಲ್ಲಿ ಗ್ರಾಮಸಭೆ ಗುರುತಿಸಿದ ಸಣ್ಣ ತಾಕುಗಳಲ್ಲಿ ಋತುವಿನ ಆರಂಭದಲ್ಲೇ ಪರೀಕ್ಷಿಸಿ, ಪಕ್ಕದ ಸುಡದ ತಾಕಿನೊಡನೆ ಐದಾರು ವರ್ಷ ಹೋಲಿಸಿ ನೋಡುವುದು ಸರಿಯಾದ ಮಾರ್ಗ. ಎಲ್ಲಿ, ಯಾವಾಗ, ಗಾಳಿ ಯಾವ ಕಡೆಗಿದ್ದಾಗ ಎಂಬುದನ್ನು ಹಿರಿಯರು ಹೇಳಲಿ. ಅಳೆಯುವ ಕ್ರಮವನ್ನು ವಿಜ್ಞಾನಿ ಹೇಳಲಿ. ಇಬ್ಬರೂ ಒಂದೇ ತಾಕಿನಲ್ಲಿ ನಿಂತು ಕೆಲಸ ಮಾಡುವುದು ಸಾಧ್ಯ.

ಬೇರೆಡೆಯ ಅನುಭವಗಳಿಂದ ಕಲಿಯುವುದೂ ಇದೆ. ನಾಗರಹೊಳೆಯಲ್ಲಿ 1990ರ ದಶಕದ ಕೊನೆಯಿಂದ ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ನಡೆಯಿತು. ಸಮಿತಿಗಳಾದವು, ಸವಲತ್ತುಗಳು ಹಂಚಿಕೆಯಾದವು, ಆದರೆ ಕಾಡಿನ ಬಗೆಗಿನ ಯಾವ ತೀರ್ಮಾನವೂ ಹಾಡಿಯವರ ಕೈಗೆ ಬರಲಿಲ್ಲ; ಯೋಜನೆಯ ಹಣ ಮುಗಿದಾಗ ಸಮಿತಿಗಳೂ ಸೊರಗಿದವು. ಅದೇ ಯೋಜನೆ ಕೇರಳದ ಪೆರಿಯಾರ್‌ನಲ್ಲಿ ಹೆಚ್ಚು ಫಲ ಕೊಟ್ಟಿತು. ಕಾಡಿನಿಂದ ದಾಲ್ಚಿನ್ನಿ ತೊಗಟೆ ಕದ್ದು ಸಾಗಿಸುತ್ತಿದ್ದವರ ಗುಂಪೇ ಅಲ್ಲಿ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಬದಲಾಯಿತು, ಮನ್ನಾನ್ ಮತ್ತು ಪಳಿಯ ಸಮುದಾಯಗಳ ಸಮಿತಿಗಳೂ ನಿಂತವು. ಪ್ರವಾಸೋದ್ಯಮದಿಂದ ಬಂದ ಹಣ ಅಲ್ಲಿಯೇ ಉಳಿಯುವಂಥ ವ್ಯವಸ್ಥೆ ಮಾಡಿದ್ದು ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಕೇರಳದ್ದೇ ವಾಳಚ್ಚಾಲ್‌ನ ಕಾಡರ್ ಎಂಬ ಬುಡಕಟ್ಟಿನ ಜನರು ಮಂಗಟ್ಟೆ ಹಕ್ಕಿಯ ಗೂಡುಗಳನ್ನು ಪ್ರತಿ ವರ್ಷ ಗುರುತಿಸಿ ಕಾಯುತ್ತಿದ್ದಾರೆ. 2014ರಲ್ಲಿ ಅಲ್ಲಿನ ಒಂಬತ್ತು ಹಾಡಿಗಳಿಗೆ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕೂ ಬಂತು.

ತೀರ್ಮಾನದ ಅಧಿಕಾರ ಎಂದರೇನು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ಉಲುರು ರಾಷ್ಟ್ರೀಯ ಉದ್ಯಾನದ ಒಡೆತನವನ್ನು 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿಸಲಾಯಿತು. ಅವರು ಅದನ್ನು 99 ವರ್ಷಗಳಿಗೆ ಸರ್ಕಾರಕ್ಕೆ ಗೇಣಿಗೆ ಕೊಟ್ಟರು, ಆಡಳಿತ ಮಂಡಳಿಯಲ್ಲಿ ಬಹುಮತ ಅವರದೇ. ಅಲ್ಲಿರುವ ಉಲುರು ಎಂಬ ತಮ್ಮ ಪವಿತ್ರ ಬಂಡೆಯನ್ನು ಪ್ರವಾಸಿಗರು ಹತ್ತಬಾರದೆಂಬುದು ಅವರ ಬಹುಕಾಲದ ಬೇಡಿಕೆಯಾಗಿತ್ತು. 2017ರಲ್ಲಿ ಮಂಡಳಿ ತೀರ್ಮಾನಿಸಿತು, 2019ರ ಅಕ್ಟೋಬರ್‌ನಲ್ಲಿ ಹತ್ತುವುದು ನಿಂತಿತು. ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು ನಿಜ. ಆದರೂ ಬಹುಮತವಿಲ್ಲದ ಸಲಹಾ ಸಮಿತಿಯೊಂದು ಇಂಥ ತೀರ್ಮಾನವನ್ನು ಜಾರಿಗೆ ತರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಸೋಲಿಗರಿಗೂ ಇಂಥ ತಾಣಗಳಿವೆ: ಪ್ರತಿಯೊಂದು ಕುಲಕ್ಕೂ ತನ್ನ ಎಲ್ಲೆ, ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಎಂಬ ಶಕ್ತಿಗಳ ತಾಣಗಳು, ಅಬ್ಬಿ ಎಂಬ ನೀರಿನ ಸೆಲೆ, ಕಲ್ಲುಗುಡಿ ಎಂಬ ಹಿರಿಯರ ಸಮಾಧಿಯ ಕಲ್ಲು. ಬೆಟ್ಟದ ರಂಗನಾಥ ಅವರಿಗೆ ಭಾವ, ದೊಡ್ಡ ಸಂಪಿಗೆ ಮರ ಅವರ ದೇವರು. ಈ ತಾಣಗಳನ್ನು ಹಿರಿಯರೇ ನಡೆದು ತೋರಿಸಿ ನಕ್ಷೆಗೆ ಏರಿಸಿದ ಕೆಲಸ ಬಿಳಿಗಿರಿಯಲ್ಲಿ ಈಗಾಗಲೇ ನಡೆದಿದೆ. ಸಫಾರಿ ದಾರಿಯನ್ನೋ ಹೊಸ ಶಿಬಿರವನ್ನೋ ಯೋಜಿಸುವ ಮೊದಲು ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಸಭೆ ನಡೆಸುವ ರೀತಿಯ ಬಗ್ಗೆಯೂ ಬರೆಯಬೇಕು, ಏಕೆಂದರೆ ಒಳ್ಳೆಯ ಉದ್ದೇಶಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬೆಳಿಗ್ಗೆ ಹನ್ನೊಂದು ಗಂಟೆಗೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಸಭೆ ಕರೆದರೆ ದಿನದ ಕೂಲಿ ಬಿಟ್ಟು ಬರುವವರು ಯಾರು? ಕಾಫಿ ಹಣ್ಣು ಕೊಯ್ಯುವ ಡಿಸೆಂಬರ್, ಜನವರಿಯಲ್ಲೂ ಜೇನಿನ ಋತುವಿನಲ್ಲೂ ಪೋಡು ಬರಿದಾಗಿರುತ್ತದೆ. ಸಭೆ ಪೋಡಿನಲ್ಲೇ, ಸಂಜೆ, ಒಲೆ ಹೊತ್ತಿಸುವ ಮುನ್ನ ನಡೆಯಲಿ. ನಿಯಮದ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಮಹಿಳೆಯರಿರಬೇಕು. ಲೆಕ್ಕಕ್ಕೆ ಮಹಿಳೆಯರು ಬಂದು ಕೂತರೆ ಸಾಲದು. ಗೆಡ್ಡೆ, ಸೊಪ್ಪು, ಸೌದೆ, ನೀರಿನ ಜಾಗಗಳನ್ನು ಬಲ್ಲವರು ಅವರೇ ಆದ್ದರಿಂದ ಅವರೊಡನೆ ಮೊದಲು ಬೇರೆಯಾಗಿ ಕೂತು ಮಾತನಾಡುವುದು ಒಳ್ಳೆಯದು. ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಒಮ್ಮೆ ಹೀಗೆ ಓದುವಾಗ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು, ನೀವು ಬರೆದ ಹಳ್ಳದ ಹೆಸರು ತಪ್ಪು, ಅದು ಪಕ್ಕದ ಕುಲದವರ ಎಲ್ಲೆಗೆ ಸೇರಿದ್ದು ಎಂದರು. ಓದದೆ ಸಹಿ ಹಾಕಿಸಿಕೊಂಡಿದ್ದರೆ ಎರಡು ಪೋಡುಗಳ ನಡುವೆ ಒಂದು ಜಗಳವನ್ನು ನಾವೇ ಕಾಗದದ ಮೇಲೆ ಹುಟ್ಟಿಸುತ್ತಿದ್ದೆವು.

ಸಮುದಾಯ ಎಂಬುದು ಒಂದೇ ದನಿಯಲ್ಲಿ ಮಾತನಾಡುತ್ತದೆ ಎಂದೂ ಎಣಿಸಬೇಡಿ. ಕಾಡು ಬಿಟ್ಟು ಪಟ್ಟಣದಲ್ಲಿ ಓದಲು ಬಯಸುವ ಹುಡುಗಿ, ಸ್ವಲ್ಪ ಕಾಫಿ ಬೆಳೆದು ನೆಮ್ಮದಿಯಾಗಿರುವ ಮನೆ, ಏನೂ ಇಲ್ಲದ ಮನೆ, ವ್ಯಾಪಾರಿಯಿಂದ ಮುಂಗಡ ಪಡೆದವನು, ಎಲ್ಲರೂ ಒಂದೇ ಪೋಡಿನಲ್ಲಿರುತ್ತಾರೆ. ಉರುಲು ಹಾಕುವವನೂ ಇರಬಹುದು. ಹೊರಗಿನವರು ಹಾಕಿದ ದಂಡಕ್ಕಿಂತ ಗ್ರಾಮಸಭೆ ತಾನೇ ಬರೆದುಕೊಂಡ ನಿಯಮ ಮತ್ತು ದಂಡ ಹೆಚ್ಚು ನಾಟುತ್ತದೆ. ಯಜಮಾನ ಮತ್ತು ತಮ್ಮಡಿಯ (ಪೂಜಾರಿಯ) ಎದುರು ನ್ಯಾಯಕ್ಕೆ ಕೂರುವ ಪದ್ಧತಿ ಸೋಲಿಗರಿಗೆ ಹೊಸದಲ್ಲ. ಹುಲಿ, ಆನೆಯಂಥ ಪ್ರಾಣಿಗಳ ಬೇಟೆಯ ಪ್ರಕರಣಗಳು ಮಾತ್ರ ಕಾನೂನಿನ ದಾರಿಯಲ್ಲೇ ಸಾಗಬೇಕು, ಅದರಲ್ಲಿ ರಿಯಾಯಿತಿ ಇರಕೂಡದು. ಸ್ಥಳಾಂತರವನ್ನು ನಿಜವಾಗಿ ಬಯಸುವ ಕುಟುಂಬಗಳೂ ಇವೆ. ಅವರ ಬಯಕೆಯನ್ನು ಗೌರವಿಸಬೇಕು, ಆದರೆ ರಸ್ತೆ, ಶಾಲೆ, ವಿದ್ಯುತ್ತನ್ನು ತಡೆಹಿಡಿದು ಹುಟ್ಟಿಸಿದ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎನ್ನಲಾಗದು.

ನಿಮ್ಮ ಬಳಗ ಮಾಡಬಹುದಾದದ್ದು ಬಹಳವಿದೆ. ಮೊದಲು ನಿಮ್ಮ ಹತ್ತಿರದ ಪೋಡಿಗೆ ಯಾವ ಹಕ್ಕುಪತ್ರ ಬಂದಿದೆ ಎಂದು ಅಲ್ಲಿನ ಅರಣ್ಯ ಹಕ್ಕು ಸಮಿತಿಯವರನ್ನು ಕೇಳಿ ನೋಡಿ. ಸಮುದಾಯ ಹಕ್ಕಿನ ಪತ್ರ ಮಾತ್ರ ಬಂದಿದ್ದು, ಅರಣ್ಯ ಸಂಪನ್ಮೂಲವನ್ನು ನಿರ್ವಹಿಸುವ ಹಕ್ಕಿನ ಪತ್ರ ಬಾರದಿದ್ದರೆ, ಅದಕ್ಕೆ ನಮೂನೆ ಸಿ ಯಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷ್ಯವಾಗಿ ನಿಯಮಗಳು ಒಪ್ಪುತ್ತವೆ. ಈ ಬರವಣಿಗೆಯ ಕೆಲಸದಲ್ಲಿ ಶಿಕ್ಷಕರಾದ ನೀವು ನೇರವಾಗಿ ನೆರವಾಗಬಹುದು, ಆದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ತಿದ್ದಿ ಚೆಂದ ಮಾಡಬೇಡಿ. ಗಡಿ ನಡೆಯುವ ದಿನ ಪೋಡಿನ ಶಾಲಾ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಜಿಪಿಎಸ್ ಅವರ ಕೈಯಲ್ಲಿರಲಿ, ದಾರಿ ಅವರ ಅಜ್ಜಂದಿರು ತೋರಿಸಲಿ. ಆಮೇಲೆ ಸಂರಕ್ಷಿತ ಪ್ರದೇಶದ ನಿರ್ವಹಣಾ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದು, ಆ ಪೋಡಿನ ಎಲ್ಲೆಗೆ ಸಂಬಂಧಿಸಿದ ಪುಟಗಳನ್ನು ಸರಳ ಕನ್ನಡದಲ್ಲಿ ಗ್ರಾಮಸಭೆಗೆ ಓದಿ ಹೇಳಿ. ಯೋಜನೆಯಲ್ಲಿ ಈ ವರ್ಷ ಲಂಟಾನ ತೆಗೆಯಲು ಗುರುತಿಸಿದ ಜಾಗವೂ ಹಿರಿಯರು ಮೊದಲು ತೆಗೆಯಬೇಕೆನ್ನುವ ಜಾಗವೂ ಒಂದೇ ಆಗಿದೆಯೆ ಎಂದು ಕೇಳಿ. ಒಂದೇ ಆಗಿರದಿದ್ದರೆ ಆ ವ್ಯತ್ಯಾಸವನ್ನು ಗ್ರಾಮಸಭೆಯ ನಿರ್ಣಯವಾಗಿ ಬರೆದು, ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳುವಂತೆ ಸಮಿತಿಯವರಿಗೆ ಹೇಳಿ.